ಕೊನೇ ಸ್ಟಾಪಿಗೆ ಮೊದಲ ಕರೆ

ಅವಳ ಮನೆಯಲ್ಲಿ ಬಚ್ಚಲು ಒಂದೇ. ಅತ್ತೆ, ಮಾವ, ಗಂಡ, ನಾದಿನಿ, ಸೊಸೆಯಾಗಿ ಬಂದ ಅವಳು, ಇಷ್ಟೂ ಜನಕ್ಕೆ ಅದೊಂದೇ. ಅವಳು ಬರುವ ಮುಂಚೆ ಹಿರಿತನದ ಪ್ರಕಾರ ಸರದಿ ನಡೆಯುತ್ತಿತ್ತಂತೆ. ಮಾವನ ಹಿಂದೆ ಅತ್ತೆ, ಅತ್ತೆಯ ಹಿಂದೆ ಮಗ. ಮಗ ಟೈಲರ್. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮೌನವಾಗಿರುವ ಮನುಷ್ಯ ಬಚ್ಚಲಿಗೆ ಹೋದರೆ ಸಾಕು, ಗಂಟಲು ಬಿಚ್ಚುತ್ತಿದ್ದ. ಒಂದು ಹಾಡು ಮುಗಿದರೆ ಇನ್ನೊಂದು. ಶಾಲೆಗೆ ಹೊರಟ ತಂಗಿ ಬಾಗಿಲು ಬಡಿದು ಬಡಿದು ಸಾಕಾಗಿ, ಮುಖಕ್ಕಷ್ಟು ನೀರು ಚಿಮುಕಿಸಿಕೊಂಡು ಓಡುತ್ತಿದ್ದಳು. ಹೊಸ ಸೊಸೆ ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ಸರದಿಯನ್ನು ತಿರುಗಿಸಿಬಿಟ್ಟಳು. ಬೇಗ ಮುಗಿಸಿ ಬೇಗ ಹೊರಡಬೇಕಾದವರು ಮೊದಲು, ಹಾಡು ಹೇಳುವವರು ಕೊನೆಗೆ.

"ನಮ್ಮಣ್ಣನ ಮುಖ ಊದಿಕೊಂಡಿತ್ತು ಆವತ್ತು," ಎಂದು ನಾದಿನಿ ನನಗೆ ಹೇಳಿದಳು. ಅವಳ ಅತ್ತಿಗೆ, ನನ್ನ ಗೆಳತಿ, ತೀರಿಕೊಂಡ ವಾರ ನಾವೆಲ್ಲ ಅದೇ ಮನೆಯ ಹಜಾರದಲ್ಲಿ ಕೂತಿದ್ದೆವು. "ದುಡಿಯೋ ಗಂಡಸು ನಾನು, ಕೊನೆಗೆ ಹೋಗ್ಬೇಕಾ ಅಂದ. ಅತ್ತಿಗೆ ಏನಂದ್ರು ಗೊತ್ತಾ? ಕೊನೆಗೆ ಹೋದ್ರೆ ಬಾಗಿಲು ಬಡಿಯೋರು ಯಾರೂ ಇರಲ್ಲ ಕಣ್ರೀ, ಎರಡು ಹಾಡು ಜಾಸ್ತಿ ಹೇಳ್ಬಹುದು ಅಂದ್ರು. ಅಷ್ಟೇ, ನಮ್ಮಣ್ಣ ತೆಪ್ಪಗಾದ."

ನಾದಿನಿ ನಗುತ್ತಲೇ ಕಣ್ಣೊರೆಸಿಕೊಂಡಳು. ಮೂಲೆಯಲ್ಲಿದ್ದ ಟೈಲರ್ ತಲೆ ಎತ್ತದೆ, "ಹಾಡೋಕೆ ಬಿಟ್ಟಿದ್ದು ಅವಳೊಬ್ಬಳೇ," ಎಂದ.

ನನ್ನ ಗೆಳತಿಯ ಬಗ್ಗೆ ಬರೆಯಬೇಕೆಂದು ಕೂತಾಗ ನನಗೆ ಮೊದಲು ನೆನಪಾದದ್ದು ಈ ಬಚ್ಚಲು. ಕಚೇರಿಯಲ್ಲಿ ಅವಳು ಮಾಡಿದ ಅತಿ ದೊಡ್ಡ ಕೆಲಸವೂ ಇದೇ ಬುದ್ಧಿಯಿಂದ ಆದದ್ದು.

ನಾವೆಲ್ಲ ಅವಳನ್ನು ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದೆವು. ಮದುವೆಗೆ ಮುಂಚೆ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ದೂರದ ಊರುಗಳ ಕರೆಗಳನ್ನು ಕೈಯಿಂದಲೇ ತಂತಿಯನ್ನು ಒಂದು ತೂತಿನಿಂದ ತೆಗೆದು ಇನ್ನೊಂದು ತೂತಿಗೆ ಚುಚ್ಚಿ ಜೋಡಿಸುವ ಕಾಲ ಅದು. ಆ ಕೆಲಸ ಹೋದ ಮೇಲೆ ಕಂಪ್ಯೂಟರ್ ಕಲಿತಳು. ಮೊದಲು ಬೆರಳಚ್ಚು, ಆಮೇಲೆ ಪ್ರೋಗ್ರಾಂ ಬರೆಯುವುದು. ಆದರೆ ಆಪರೇಟರ್ ಅವಳೊಳಗಿನಿಂದ ಹೋಗಲೇ ಇಲ್ಲ. ಕಿವಿಗೆ ಸದಾ ಒಂದು ಹೆಡ್‌ಫೋನ್, ಅದರಲ್ಲಿ ಹಾಡೂ ಇಲ್ಲ ಏನೂ ಇಲ್ಲ. ತಲೆ ಬೋಳುಬೋಳು ಅನ್ನಿಸುತ್ತದಂತೆ ಅದಿಲ್ಲದಿದ್ದರೆ. ಯಾರಾದರೂ ಅವಳ ಮೇಜಿನ ಹತ್ತಿರ ಬಂದು ತಡವರಿಸುತ್ತ ನಿಂತರೆ, "ಲೈನ್ ಸಿಕ್ಕಿದೆ, ಮಾತಾಡಿ," ಎನ್ನುತ್ತಿದ್ದಳು. ಫೋನಿನಲ್ಲಿ ಮಾತು ಮುಗಿದಾಗ ಬರುತ್ತೇನೆ ಹೋಗುತ್ತೇನೆ ಎಂಬ ಉಪಚಾರ ಒಂದೂ ಇಲ್ಲ. "ಸರಿ" ಎಂದವಳೇ ಕಟ್ ಮಾಡುವಳು. ಮೊದಮೊದಲು ನನಗೆ ಕೆನ್ನೆಗೆ ಹೊಡೆದ ಹಾಗೆ ಆಗುತ್ತಿತ್ತು. "ಇನ್ನೊಬ್ಬರು ಕಾಯ್ತಾ ಇರ್ತಾರೆ ಕಣೆ," ಎಂದಳು ಕೇಳಿದ್ದಕ್ಕೆ. ನನ್ನ ಪೆನ್ನುಗಳನ್ನು ಎತ್ತಿಕೊಂಡು ಹೋಗಿ ವಾಪಸು ಕೊಡದೇ ಇರುವ ಅಭ್ಯಾಸವೂ ಇತ್ತು. ಸತ್ತವರಲ್ಲವೆ ಎಂದು ಅದನ್ನು ಬಿಟ್ಟು ಬರೆದರೆ ಅವಳೇ ನಗುತ್ತಾಳೆ.

ನಮ್ಮ ಕಚೇರಿ ಗಾಜಿನ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗೆ ಗಾಜು ಕೊಯ್ಯುವ ಕೀರಲು ಸದ್ದು, ಮೇಲೆ ನಾವು. ಔಷಧಿ ಪೊಟ್ಟಣದ ಮೇಲೆ ಅಂಟಿಸುವ ಲೇಬಲ್ ಮುದ್ರಿಸುವ ಪ್ರೋಗ್ರಾಂ ನಮ್ಮದು. ರೋಗಿಯ ಹೆಸರು, ಮಾತ್ರೆಯ ಹೆಸರು, ಬೆಳಗ್ಗೆ ಎಷ್ಟು ರಾತ್ರಿ ಎಷ್ಟು, ಊಟಕ್ಕೆ ಮುಂಚೆಯೋ ನಂತರವೋ, ಇಷ್ಟೇ. ಅವಳು ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದಳು, ನಾನು ಲೇಬಲ್ಲಿನಲ್ಲಿ ತಪ್ಪು ಹುಡುಕುತ್ತಿದ್ದೆ. ಬಿಡುವಿದ್ದಾಗ ನಾನು ಓದುತ್ತ ಕೂತರೆ, "ಏನಮ್ಮ ಪಂಡಿತೆ, ಯಾರು ಯಾರನ್ನ ಬಿಟ್ಟುಹೋದ್ರು ಇವತ್ತಿನ ಕಾದಂಬರೀಲಿ?" ಎಂದು ಕೆಣಕುವಳು.

ಆ ಪ್ರೋಗ್ರಾಮಿನ ಒಂದೊಂದು ಪ್ರತಿ ಒಂದೊಂದು ಆಸ್ಪತ್ರೆಯಲ್ಲಿತ್ತು. ಅಲ್ಲಿನವರು ತಮಗೆ ಬೇಕಾದಂತೆ ಅದನ್ನು ತಿದ್ದಿಕೊಳ್ಳಬಹುದು. ಯಾರು ಏನು ತಿದ್ದಿದರು, ಯಾಕೆ ತಿದ್ದಿದರು ಎಂಬುದೆಲ್ಲ ಅಲ್ಲೇ ದಾಖಲಾಗುತ್ತ ಹೋಗುತ್ತದೆ. ಆ ದಾಖಲೆಯ ಉಗ್ರಾಣಕ್ಕೆ ರೆಪೊಸಿಟರಿ ಎನ್ನುತ್ತಾರೆ. ಪ್ರತಿ ಸೋಮವಾರ ಬೆಳಗ್ಗೆ ನಮ್ಮ ಕಂಪ್ಯೂಟರ್ ಒಂದೊಂದೇ ಆಸ್ಪತ್ರೆಯ ರೆಪೊಸಿಟರಿಯನ್ನು ಕರೆದು, ವಾರದ ತಿದ್ದುಪಡಿಗಳನ್ನು ಎಳೆದು ತರುತ್ತಿತ್ತು. ಇದಕ್ಕೆ ಫೆಚ್ ಎಂದು ಹೆಸರು. ಬಂದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಎಲ್ಲರ ಪ್ರೋಗ್ರಾಮಿಗೂ ಸೇರಿಸಿ ಮರಳಿ ಕಳಿಸುವುದು ಅವಳ ಕೆಲಸ. ಯಾರನ್ನು ಮೊದಲು ಕರೆಯಬೇಕೆಂಬುದು ಕಾನ್ಫಿಗ್ ಎಂಬ ಪುಟ್ಟ ಫೈಲಿನಲ್ಲಿರುತ್ತದೆ. ಅದರಲ್ಲಿ ವಿಳಾಸಗಳನ್ನು ಒಂದರ ಕೆಳಗೊಂದು ಬರೆದರೆ ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಕರೆಯುತ್ತ ಬರುತ್ತದೆ. ಯಾರಾದರೂ ಸಿಗದಿದ್ದರೆ ಸಿಗಲಿಲ್ಲವೆಂದು ಒಂದು ಸಾಲು ಗೀಚಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಬರುವ ನೂರಾರು ಸಾಲುಗಳ ನಡುವೆ ಆ ಒಂದು ಸಾಲು ಎಲ್ಲಿ ಹುದುಗಿಹೋಯಿತೆಂದು ಯಾರೂ ಹುಡುಕುವುದಿಲ್ಲ.

ಅವಳ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಎಲ್ಲಕ್ಕಿಂತ ಸಣ್ಣ ಜಾಗ. ಬಸ್ಸು ಹೋಗುವ ಕೊನೆಯ ನಿಲ್ದಾಣದ ಪಕ್ಕ ಎರಡು ಕೋಣೆಯ ಕ್ಲಿನಿಕ್. ನಮ್ಮ ಕಚೇರಿಯಲ್ಲಿ ಅದರ ಹೆಸರೇ ಕೊನೇ ಸ್ಟಾಪ್. ಅಲ್ಲಿದ್ದವಳು ಒಬ್ಬಳೇ ಫಾರ್ಮಸಿಸ್ಟ್. ಔಷಧಿ ಕೊಡುವುದೂ ಅವಳೇ, ನಮ್ಮ ಪ್ರೋಗ್ರಾಂ ತಿದ್ದುವುದನ್ನು ತಾನೇ ಕೂತು ಕಲಿತವಳೂ ಅವಳೇ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಕರೆಂಟು ಸೊರಗುತ್ತದೆ. ಲಸಿಕೆ ಇಟ್ಟ ಫ್ರಿಜ್ಜಿಗೆ ಸಾಲದೆ ಹೋದೀತೆಂದು ಅವಳು ಕಂಪ್ಯೂಟರನ್ನು ಆರಿಸಿಬಿಡುತ್ತಾಳೆ. ಅವಳು ಸಿಗುವುದು ಬೆಳಗ್ಗೆ ಮಾತ್ರ. ದೊಡ್ಡಾಸ್ಪತ್ರೆಯದು ಬೇರೆ ಕಥೆ. ಸಾವಿರಾರು ಮಾತ್ರೆಗಳ ಫೋಟೋ ಅವರ ರೆಪೊಸಿಟರಿಯಲ್ಲಿ. ಎಳೆದು ತರಲು ಕೂತರೆ ಊಟದ ಹೊತ್ತಾಗುತ್ತದೆ. ಆದ್ದರಿಂದ ಕೊನೇ ಸ್ಟಾಪ್ ಮೊದಲು, ಕಣ್ಣಾಸ್ಪತ್ರೆ, ಮಕ್ಕಳ ಆಸ್ಪತ್ರೆ ನಡುವೆ, ದೊಡ್ಡಾಸ್ಪತ್ರೆ ಕೊನೆಗೆ. ಒಬ್ಬೊಬ್ಬರದು ಬಂದ ಹಾಗೆ ಗೆಳತಿ ಅವರಿಗೆ ಫೋನ್ ಮಾಡಿ, "ಬಂತು. ಸರಿ," ಎಂದು ಕಟ್ ಮಾಡುವಳು. ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ.

ಅವಳಿಗೆ ಕಾಯಿಲೆ ಎಂದು ತಿಳಿದದ್ದು ಬೇಸಿಗೆಯಲ್ಲಿ. ಚಿಕಿತ್ಸೆಗೆಂದು ದೀರ್ಘ ರಜೆ ಹಾಕಿದಳು. ಆ ಹೊತ್ತಿಗೆ ಸರಿಯಾಗಿ ನಮ್ಮ ಹಳೆಯ ಕಂಪ್ಯೂಟರ್ ಹೋಗಿ ಹೊಸದು ಬಂತು, ಅದರ ಜೊತೆಗೆ ಒಬ್ಬ ಹೊಸ ಎಂಜಿನಿಯರ್ ಬಂದ. ಒಳ್ಳೆಯವನು, ಅಚ್ಚುಕಟ್ಟಿನ ಮನುಷ್ಯ. ಮೇಜಿನ ಮೇಲೆ ಕಾಗದದ ಅಂಚೂ ಮೇಜಿನ ಅಂಚೂ ಒಂದೇ ಸಮ ಇರಬೇಕು. ವಿಳಾಸಗಳನ್ನು ಹೊಸ ಯಂತ್ರಕ್ಕೆ ಬರೆಯುವಾಗ ಯಾರಿಗೆ ಹೆಚ್ಚು ರೋಗಿಗಳೋ ಅವರು ಮೇಲೆ ಎಂದು ಜೋಡಿಸಿದ. ದೊಡ್ಡಾಸ್ಪತ್ರೆ ಮೊದಲಾಯಿತು. ಕೊನೇ ಸ್ಟಾಪ್ ಕೊನೆಗೆ ಬಂತು.

ಚಳಿ ಶುರುವಾಗುವ ಹೊತ್ತಿಗೆ ಅವಳು ವಾಪಸಾದಳು. ತಲೆಗೆ ಬಟ್ಟೆ ಸುತ್ತಿ, ಅದರ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ನಾವು ಏನು ಹೇಳುವುದೆಂದು ತೋಚದೆ ನಿಂತಿದ್ದಾಗ, "ಏನು, ಲೈನ್ ಡೆಡ್ಡಾ ಎಲ್ಲರದೂ?" ಎಂದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು.

ಅದೇ ದಿನ ಮ್ಯಾನೇಜರ್ ಸಭೆ ಕರೆದರು. ವರ್ಷದ ಕೊನೆಗೆ ಬಳಕೆಯಲ್ಲಿಲ್ಲದ ಜಾಗಗಳನ್ನು ಕೈಬಿಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. "ಕೊನೇ ಸ್ಟಾಪಿಂದ ತಿಂಗಳುಗಟ್ಟಲೆ ಒಂದು ಸಾಲೂ ಬಂದಿಲ್ಲ. ಅವರಿಗೆ ನಮ್ಮ ಪ್ರೋಗ್ರಾಂ ಬೇಡ ಅಂತ ಕಾಣುತ್ತೆ. ಮುಚ್ಚಿಬಿಡೋಣ," ಎಂದರು. ಮುಚ್ಚಿದರೆ ಆ ಕ್ಲಿನಿಕ್ಕಿಗೆ ನಮ್ಮ ಲೇಬಲ್ ಇಲ್ಲ. ಪೊಟ್ಟಣದ ಮೇಲೆ ಮತ್ತೆ ಕೈಬರಹ.

ಹೆಡ್‌ಫೋನನ್ನು ಅವಳು ಒಂದು ಕಿವಿಯಿಂದ ಸರಿಸಿದಳು, ಅಷ್ಟೇ.

"ಆ ಹುಡುಗಿ ಸುಮ್ಮನಿರೋಳಲ್ಲ," ಎಂದಳು ಆಮೇಲೆ ನನಗೆ. "ವಾರಕ್ಕೊಂದಾದರೂ ಏನಾದ್ರೂ ತಿದ್ದಿ ಹಾಕೋಳು. ಒಂದೂ ಬಂದಿಲ್ಲ ಅಂದ್ರೆ ಅವಳು ಕಳಿಸಿಲ್ಲ ಅಂತಲ್ಲ, ನಾವು ಎತ್ತಿಲ್ಲ ಅಂತ."

ಕಾನ್ಫಿಗ್ ಫೈಲು ತೆರೆದಳು. ನೋಡಿದ ಕೂಡಲೇ ಅರ್ಥವಾಯಿತು. ಹೊಸ ಎಂಜಿನಿಯರನ್ನು ಕೂಗಿದಳು.

"ಇಲ್ಲಿ ಬಾಪ್ಪ. ಇದ್ಯಾಕೆ ಹೀಗೆ ಜೋಡಿಸ್ದೆ?"

ಅವನು ಹಿಂಜರಿಯದೆ ಹೇಳಿದ. "ಅರ್ಧದಲ್ಲಿ ಏನಾದ್ರೂ ಕೆಟ್ಟರೆ ದೊಡ್ಡಾಸ್ಪತ್ರೆದಾದ್ರೂ ಬಂದಿರ್ಲಿ ಅಂತ ಅಕ್ಕ. ಅಲ್ಲಿ ಜನ ಜಾಸ್ತಿ."

"ಅದೂ ಸರಿನೇ. ನಿನ್ನ ಲೆಕ್ಕ ತಪ್ಪಲ್ಲ."

"ಮತ್ತೆ? ಹೆಸರೇ ಕೊನೇ ಸ್ಟಾಪ್, ಅದನ್ನ ಯಾಕೆ ಮೊದಲು ಹಾಕ್ಬೇಕು?"

"ಬೆಳಗ್ಗೆ ಬಸ್ಸು ಹೊರಡೋದು ಎಲ್ಲಿಂದ? ಕೊನೇ ಸ್ಟಾಪಿಂದಲೇ ಅಲ್ವಾ?"

ಅವನು ನಕ್ಕ. ಆದರೆ ಸುಲಭಕ್ಕೆ ಒಪ್ಪುವವನಲ್ಲ. "ಒಬ್ಬರಾದ ಮೇಲೆ ಒಬ್ಬರು ಯಾಕೆ ಅಕ್ಕ? ಎಲ್ಲರನ್ನೂ ಒಟ್ಟಿಗೇ ಕರೆಯೋ ಹಾಗೆ ಮಾಡ್ಬಹುದು. ಸರದಿ ಜಗಳನೇ ಇರಲ್ಲ."

"ಮಾಡಿ ನೋಡು. ಆದ್ರೆ ಬಚ್ಚಲು ಒಂದೇ, ಗೊತ್ತಿರ್ಲಿ."

ಬಚ್ಚಲು ಎಂದರೆ ಏನೆಂದು ಅವನಿಗೆ ತಿಳಿಯದೆ ನನ್ನ ಮುಖ ನೋಡಿದ. ನನಗೂ ಆಗ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆ ಎಲ್ಲರನ್ನೂ ಒಟ್ಟಿಗೆ ಕರೆದ. ನಮ್ಮ ಕಚೇರಿಗೆ ಇದ್ದದ್ದು ಒಂದೇ ಇಂಟರ್ನೆಟ್ ಲೈನು. ದೊಡ್ಡಾಸ್ಪತ್ರೆಯ ಮಾತ್ರೆ ಫೋಟೋಗಳು ಅದನ್ನು ಇಡಿಯಾಗಿ ತುಂಬಿಕೊಂಡವು. ಪಕ್ಕದಲ್ಲಿ ಕೊನೇ ಸ್ಟಾಪಿನ ಕರೆ ಜಾಗ ಸಿಗದೆ, ಏನೂ ತರುವ ಮುಂಚೆಯೇ ಕಡಿದುಹೋಯಿತು.

"ಹಾಡು ಶುರುವಾಯ್ತು ನೋಡು ಒಳಗೆ," ಎಂದಳು ಅವಳು.

ಅಂದು ಅವಳು ಬಚ್ಚಲಿನ ಕಥೆಯನ್ನು ಅರ್ಧ ಹೇಳಿದಳು. ಉಳಿದರ್ಧ ನನಗೆ ಸಿಕ್ಕಿದ್ದು ನಾದಿನಿಯಿಂದ. ಎಂಜಿನಿಯರ್ ಬಿದ್ದು ಬಿದ್ದು ನಕ್ಕ, ನಕ್ಕು ಮುಗಿದ ಮೇಲೆ ಕೀಲಿಮಣೆ ಎಳೆದುಕೊಂಡ. ವಿಳಾಸಗಳನ್ನು ತಾನೇ ಮೇಲೆ ಕೆಳಗೆ ಮಾಡಿದ. ಕೊನೇ ಸ್ಟಾಪ್ ಮತ್ತೆ ಮೊದಲ ಸಾಲಿಗೆ ಏರಿತು. ಅಷ್ಟಕ್ಕೇ ಬಿಡಲಿಲ್ಲ. ಯಾರಾದರೂ ಸಿಗದಿದ್ದರೆ ಕಂಪ್ಯೂಟರ್ ಸಾಲು ಗೀಚಿ ಮುಂದೆ ಹೋಗುವುದಿತ್ತಲ್ಲ, ಅದಕ್ಕೊಂದು ಸದ್ದು ಸೇರಿಸಿದ. ಈಗ ಯಾರು ತಪ್ಪಿಹೋದರೂ ಕೋಣೆಯಲ್ಲಿ ಹಳೇ ಫೋನಿನ ಗಂಟೆ ಬಾರಿಸುತ್ತದೆ. ಆ ಗಂಟೆಯ ಸದ್ದನ್ನು ಎಲ್ಲಿಂದ ಹುಡುಕಿ ತಂದನೋ. ಅವಳು ಕೇಳಿದವಳೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಆದರೆ ಕ್ಲಿನಿಕ್ ಕಡೆಯಿಂದ ನಿಜವಾಗಿಯೂ ಏನಾದರೂ ಬರುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬಾರದಿದ್ದರೆ ಮ್ಯಾನೇಜರ್ ಮಾತೇ ಸರಿ, ವರ್ಷಾಂತ್ಯಕ್ಕೆ ಕೊನೇ ಸ್ಟಾಪ್ ಇಲ್ಲ. ಮುಂದಿನ ಸೋಮವಾರ ನಾವು ಮೂವರೂ ಪರದೆಯ ಮುಂದೆ ನಿಂತಿದ್ದೆವು. ಅವಳು ಫೆಚ್ ಎಂದು ಬರೆದು ಒತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಕೆಳಗೆ ಯಾರೋ ಗಾಜು ಕೊಯ್ದರು. ಆಮೇಲೆ ಸಾಲುಗಳು ಬರತೊಡಗಿದವು. ಬೇಸಿಗೆಯಿಂದ ಅಲ್ಲಿಯವರೆಗೆ ಆ ಫಾರ್ಮಸಿಸ್ಟ್ ಮಾಡಿದ್ದೆಲ್ಲ ಒಂದರ ಹಿಂದೊಂದು ಬಂತು. ಪ್ರತಿಯೊಂದರ ಜೊತೆಗೂ ಅವಳ ಒಂದು ಚಿಕ್ಕ ಟಿಪ್ಪಣಿ. ಅಕ್ಷರ ದೊಡ್ಡದು ಮಾಡಿದೆ. ಅಜ್ಜಿಗೆ ಇನ್ನೂ ಕಾಣಲಿಲ್ಲ, ಇನ್ನೂ ದೊಡ್ಡದು ಮಾಡಿದೆ. ಓದಲು ಬಾರದವರಿಗೆ ಸೂರ್ಯ ಹಾಕಿದೆ. ರಾತ್ರಿಗೆ ಚಂದ್ರ. ಚಂದ್ರ ಬಾಳೆಹಣ್ಣಿನ ಹಾಗಿದೆ ಎಂದು ನಕ್ಕರು, ಪಕ್ಕದಲ್ಲಿ ನಕ್ಷತ್ರ ಇಟ್ಟೆ.

"ನೋಡೇ, ನೋಡೇ," ಎಂದು ಅವಳು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಕಾಯಿಲೆಯವಳ ಹಿಡಿತವಾಗಿರಲಿಲ್ಲ ಅದು.

ಮುದ್ರಿಸಿ ನೋಡಿದೆವು. ಪುಟ್ಟ ಲೇಬಲ್ಲಿನ ಮೇಲೆ ಗುಂಡಗಿನ ಸೂರ್ಯ, ಅದರ ಕೆಳಗೆ ಒಂದು ಮಾತ್ರೆಯ ಚಿತ್ರ. ಚಂದ್ರ ನಕ್ಷತ್ರ, ಅದರ ಕೆಳಗೆ ಎರಡು ಮಾತ್ರೆ. ತಪ್ಪು ಹುಡುಕುವುದೇ ನನ್ನ ಕೆಲಸ. ಅಕ್ಷರದ ಗಾತ್ರ, ಅಂಚು, ಅಂಟು ಎಲ್ಲ ನೋಡಿದೆ. ಏನೂ ಸಿಗಲಿಲ್ಲ.

ಅವಳು ಕೊನೇ ಸ್ಟಾಪಿಗೆ ಫೋನ್ ಮಾಡಿ ನಮಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಬಂತು," ಎಂದಳು.

ಆ ಕಡೆಯಿಂದ, "ಅಕ್ಕಾ? ನೀವಾ?" ಎಂಬ ಸಣ್ಣ ದನಿ. "ಇಷ್ಟು ದಿನ ಫೋನೇ ಬರ್ಲಿಲ್ಲ. ನನ್ನ ಕೆಲಸ ನಿಮಗೆ ಇಷ್ಟ ಆಗ್ತಿಲ್ಲ ಅಂದ್ಕೊಂಡೆ. ಸುಮ್ನೆ ನಮ್ಮಲ್ಲಿಗೆ ಅಂತ ಮಾಡ್ಕೋತಾ ಇದ್ದೆ."

"ನನಗೆ ಮೈ ಹುಷಾರಿರ್ಲಿಲ್ಲ ಕಣಮ್ಮ. ಲೈನ್ ತಪ್ಪು ಕಡೆ ಚುಚ್ಚಿತ್ತು. ನಿನ್ನ ಚಂದ್ರ ಚೆನ್ನಾಗಿದ್ದಾನೆ."

"ಬಾಳೆಹಣ್ಣಲ್ವಾ ಹಾಗಾದ್ರೆ?"

"ಸ್ವಲ್ಪ ಬಾಳೆಹಣ್ಣೇ. ಇರ್ಲಿ, ರಾತ್ರಿ ತಿನ್ನೋರು ತಿನ್ನಲಿ. ಸರಿ." ಕಟ್.

ಮ್ಯಾನೇಜರ್ ಮೇಜಿನ ಮೇಲೆ ಆ ಲೇಬಲ್ ಇಟ್ಟಾಗ ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ನಮ್ಮ ತಾಯಿಗೂ ಇದು ಬೇಕಿತ್ತು," ಎಂದರು. ಕೊನೇ ಸ್ಟಾಪನ್ನು ಮುಚ್ಚುವ ಮಾತು ಮತ್ತೆ ಏಳಲಿಲ್ಲ. ವರ್ಷ ಮುಗಿಯುವ ಮುಂಚೆ ಸೂರ್ಯ ಚಂದ್ರರು ಎಲ್ಲ ಆಸ್ಪತ್ರೆಗಳ ಪ್ರೋಗ್ರಾಮಿಗೂ ಸೇರಿದರು. ಸೇರಿಸಿದವಳು ಅವಳೇ; ನಡುವೆ ಸುಸ್ತಾದಾಗ ಮೇಜಿನ ಮೇಲೆ ತಲೆಯಿಟ್ಟು ಮಲಗಿ, ಎದ್ದು ಮತ್ತೆ ಕೂತು ಮುಗಿಸಿದಳು. ನಾನು ಮಾಡುತ್ತೇನೆ ಎಂದ ಎಂಜಿನಿಯರಿಗೆ, "ನೀನು ಮುಂದಿನದ್ದು ಮಾಡೀಯಂತೆ," ಎಂದಳು.

ಹೊಸ ವರ್ಷ ಬಂದು ಸ್ವಲ್ಪ ದಿನಕ್ಕೆ ಕಾಯಿಲೆ ಮರುಕಳಿಸಿತು. ದೊಡ್ಡಾಸ್ಪತ್ರೆಯಲ್ಲಿ, ಕಿಟಕಿಯ ಪಕ್ಕದ ಹಾಸಿಗೆ. ಔಷಧಿಯ ಕಾವಿಗೆ ಅವಳ ಕಣ್ಣು ಮಂಜಾಗಿತ್ತು. ನಾನು ಹೋದಾಗ ಕಾದಂಬರಿ ಓದಿ ಹೇಳುತ್ತಿದ್ದೆ, ಅವಳು ನಡುನಡುವೆ, "ಇವನು ಇಷ್ಟು ಗೋಳಾಡೋ ಬದಲು ಒಂದು ಫೋನ್ ಮಾಡ್ಬಾರ್ದಾ?" ಎಂದು ತಡೆಯುತ್ತಿದ್ದಳು. ಗಂಡ ಅಂಗಡಿ ಬಾಗಿಲು ಹಾಕಿ ಬಂದು ಕಾಲ ಬಳಿ ಕೂರುತ್ತಿದ್ದ.

ಒಂದು ಸಂಜೆ ನರ್ಸು ರಾತ್ರಿಯ ಮಾತ್ರೆಗಳ ಪೊಟ್ಟಣ ತಂದಿಟ್ಟರು. ಗಂಡ ಓದಿ ಹೇಳಲು ಕೈಚಾಚಿದ. ಅವಳು ಕೊಡಲಿಲ್ಲ. ಪೊಟ್ಟಣವನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು.

"ಚಂದ್ರ," ಎಂದಳು. "ಎರಡು ಮಾತ್ರೆ." ಆಮೇಲೆ ನಗತೊಡಗಿದಳು. "ನಿಜ ಕಣೆ, ಬಾಳೆಹಣ್ಣೇ."

ಅವಳು ತಾನೇ ಪೊಟ್ಟಣ ಬಿಡಿಸಿ ಎರಡು ಮಾತ್ರೆ ತೆಗೆದುಕೊಂಡಳು. ನೀರಿನ ಲೋಟ ಮಾತ್ರ ಗಂಡ ಹಿಡಿದ. "ಏನ್ರೀ, ಇವತ್ತು ಹಾಡಿಲ್ವಾ?" ಎಂದಳು. ವಾರ್ಡಿನಲ್ಲಿ ಇತರರು ಇದ್ದಾರೆ ಎಂದ. ಕೊನೆಗೆ ಸಣ್ಣ ದನಿಯಲ್ಲಿ ಗುನುಗಿದ. ನಾನು ಹೊರಟಾಗ ಅವಳು, "ಸರಿ," ಎಂದು ಗೋಡೆಯ ಕಡೆ ತಿರುಗಿದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು. ಆ ಮಾತಿಗೆ ಇಷ್ಟು ವರ್ಷ ಒಗ್ಗಿಹೋಗಿದ್ದೆನಾದ್ದರಿಂದ ಆ ದಿನ ಕೆನ್ನೆಗೆ ಹೊಡೆದ ಹಾಗೆ ಆಗಲಿಲ್ಲ. ಆದದ್ದು ಆಮೇಲೆ, ಸಾವಿನ ಸುದ್ದಿ ಬಂದಾಗ.

ಅವಳಿಲ್ಲದ ಮೊದಲ ಸೋಮವಾರ ಎಂಜಿನಿಯರ್ ಮತ್ತು ನಾನು ಅವಳ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನಿಂತೇ ಫೆಚ್ ಮಾಡಿದೆವು. ಕೊನೇ ಸ್ಟಾಪಿನದು ಮೊದಲು ಬಂತು. ಫೋನ್ ಯಾರು ಮಾಡುವುದು ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಮಾಡಿದೆ. "ಬಂತು" ಎಂದೆ. ಫಾರ್ಮಸಿಸ್ಟ್ ಅತ್ತಳು. ನಾನೂ ಅತ್ತೆ. ಕಟ್ ಮಾಡಲು ನನಗೆ ಬರಲಿಲ್ಲ. ಇಬ್ಬರೂ ತುಂಬ ಹೊತ್ತು ಹಾಗೇ ಇದ್ದೆವು. ಕೊನೆಗೆ ಅವಳೇ, "ಅಕ್ಕ, ಫ್ರಿಜ್ಜಿಗೆ ಕರೆಂಟು ಬೇಕು, ಕಂಪ್ಯೂಟರ್ ಆರಿಸ್ಲಾ?" ಎಂದಳು.

ಈಗ ಸೂರ್ಯ ಚಂದ್ರರ ಲೇಬಲ್ ನೋಡಿ ಇನ್ನೂ ಎರಡು ಸಣ್ಣ ಕ್ಲಿನಿಕ್‌ಗಳು ನಮ್ಮ ಜೊತೆ ಸೇರಿವೆ. ಮೊನ್ನೆ ಅವುಗಳ ವಿಳಾಸ ಬಂದಾಗ ನಾನು ಎಂಜಿನಿಯರನ್ನೇ ಗಮನಿಸುತ್ತಿದ್ದೆ. ಅವನು ಕಾನ್ಫಿಗ್ ತೆರೆದ. ಎಲ್ಲಿ ಬರೆಯುವುದೆಂದು ಕರ್ಸರನ್ನು ಮೇಲೆ ಕೆಳಗೆ ಆಡಿಸಿದ. ಬರೆಯಲಿಲ್ಲ. ಅವಳ ಮೇಜಿನಲ್ಲೇ ಉಳಿದಿದ್ದ ಹೆಡ್‌ಫೋನನ್ನು ಸ್ವಲ್ಪ ಸರಿಸಿ, ಫೋನ್ ಎತ್ತಿಕೊಂಡು ಮೊದಲನೆಯ ಕ್ಲಿನಿಕ್ಕಿನ ನಂಬರ್ ಒತ್ತಿದ.

"ನಮಸ್ಕಾರ," ಎಂದ. "ಒಂದು ವಿಷಯ ಕೇಳ್ಬೇಕಿತ್ತು. ನಿಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತೆ?"

ಆ ಕಡೆಯವರು ಬಹುಶಃ ಯಾಕೆ ಎಂದು ಕೇಳಿರಬೇಕು. ಅವನು ಕುರ್ಚಿ ಎಳೆದುಕೊಂಡು, ಅವಳ ಕುರ್ಚಿಯನ್ನೇ, ಕೂತ.

"ಹೇಳ್ತೀನಿ," ಎಂದ. "ನೀವು ಮೊದಲು ಮಾತಾಡಿ."